ಕೇಳಿದ್ದು, ಹೇಳಿದ್ದು: ಪಿಚ್ಚಿನ ಅಳತೆ, ಗಡಿಗಿ ನೀರು, ಚೌಕಾಬಾರದ ಕವಡೆ

ಈ ಸಲ ಬಂದ ಪತ್ರಗಳಲ್ಲಿ ಆಟ, ಹವ್ಯಾಸ, ಮನೆಯೊಳಗಿನ ಅನುಮಾನಗಳೇ ಜಾಸ್ತಿ. ಸುಮಾರು ಜನ "ಇದೊಂದು ಸಣ್ಣ ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ" ಎಂದು ಶುರು ಮಾಡಿದ್ದಾರೆ. ಬೇಸರ ಯಾಕೆ? ದಿನಾ ಕಣ್ಣಿಗೆ ಬೀಳುವ ವಿಷಯವನ್ನು ಮನೆಯಲ್ಲಿ ಕೇಳಿದರೆ "ಅದು ಹಾಗೇ" ಎಂಬ ಉತ್ತರ ಬರುತ್ತದೆ, ಗೊತ್ತಿರುವವರು ಹತ್ತಿರದಲ್ಲಿ ಇರುವುದಿಲ್ಲ. ಈ ಪುಟ ಇರುವುದೇ ಅದಕ್ಕೆ.

ಪ್ರಶ್ನೆ: ನಾವು ಶಾಲೆ ಮೈದಾನದಲ್ಲಿ 22 ಹೆಜ್ಜೆ ಹಾಕಿ ಕ್ರಿಕೆಟ್ ಪಿಚ್ ಮಾಡುತ್ತೇವೆ. ನಮ್ಮ ಮಾವ ನೋಡಿ ಇದು ತುಂಬಾ ಚಿಕ್ಕದು ಅಂದರು. 22 ಅಂದರೆ 22 ತಾನೇ? ಮತ್ತೆ 20 ಅಥವಾ 25 ಅಂತ ಇಡದೆ 22 ಅಂತ ಯಾಕೆ ಇಟ್ಟಿದ್ದಾರೆ?
— ಏಳನೇ ತರಗತಿ ವಿದ್ಯಾರ್ಥಿ, ಹಾಸನ

ಉತ್ತರ: ಪುಟ್ಟಾ, ನಿಮ್ಮ ಮಾವ ಹೇಳಿದ್ದು ಸರಿ. 22 ಎನ್ನುವುದು ಹೆಜ್ಜೆಯ ಲೆಕ್ಕ ಅಲ್ಲ, ಗಜದ ಲೆಕ್ಕ. ಒಂದು ಗಜಕ್ಕೆ 3 ಅಡಿ. ಹಾಗಾಗಿ ಪಿಚ್ಚಿನ ಉದ್ದ 66 ಅಡಿ, ಮೀಟರಿನಲ್ಲಿ 20.12. ದೊಡ್ಡವರು ಕಾಲು ಚಾಚಿ ನಡೆದರೆ ಒಂದು ಹೆಜ್ಜೆ ಹೆಚ್ಚೂಕಡಿಮೆ ಒಂದು ಗಜ ಆಗುತ್ತದೆ. ನಿನ್ನ ಹೆಜ್ಜೆ ಎರಡು ಅಡಿ ಇದ್ದರೆ 22 ಹೆಜ್ಜೆಗೆ 44 ಅಡಿ ಮಾತ್ರ. ಅಷ್ಟು ಹತ್ತಿರದಿಂದ ಚೆಂಡು ಬಂದರೆ ಬ್ಯಾಟ್ ಎತ್ತಲೂ ಸಮಯ ಸಿಗುವುದಿಲ್ಲ, ಅಲ್ವಾ?

ಇನ್ನು 22 ಯಾಕೆ ಎನ್ನುವುದು. ನಿನ್ನ ಈ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು, ಯಾಕೆಂದರೆ ಅದರ ಎಳೆ ನಿಮ್ಮ ಮನೆಯ ಪಹಣಿವರೆಗೂ ಬರುತ್ತದೆ. 1620ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞರು ಜಮೀನು ಅಳೆಯಲು ಒಂದು ಸರಪಳಿ ಮಾಡಿದರು. ಅದಕ್ಕೆ 100 ಕೊಂಡಿ, ಒಟ್ಟು ಉದ್ದ 66 ಅಡಿ. ಒಂದು ಸರಪಳಿ ಅಗಲ, ಹತ್ತು ಸರಪಳಿ ಉದ್ದದ ಜಾಗಕ್ಕೆ ಒಂದು ಎಕರೆ. ನೂರು ವರ್ಷ ಕಳೆದು, 1744ರ ಕ್ರಿಕೆಟ್ ನಿಯಮಗಳಲ್ಲಿ ಎರಡು ವಿಕೆಟ್ ನಡುವೆ 22 ಗಜ ಇರಬೇಕು ಎಂದು ಬರೆದರು. ಅದು ಸರಿಯಾಗಿ ಒಂದು ಸರಪಳಿ. ಹೊಲ ಅಳೆಯುವ ಊರಿನಲ್ಲಿ ಕೈಗೆ ಸಿಗುವ ಅಳತೆ ಅದೇ ಆಗಿತ್ತು.

ಅದೇ ಎಕರೆ ಬ್ರಿಟಿಷರ ಜೊತೆ ನಮ್ಮಲ್ಲಿಗೂ ಬಂತು. ನಮ್ಮ ಸರ್ವೆಯವರು ಹಿಡಿದು ಓಡಾಡಿದ ಸರಪಳಿ ಅದರ ಅರ್ಧ, 33 ಅಡಿ. ಅದನ್ನು 16 ಆಣೆ ಎಂದು ಭಾಗ ಮಾಡುತ್ತಿದ್ದರು. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಸೇರಿದರೆ 43,560 ಚದರಡಿ, ಒಂದು ಎಕರೆ. ಈಗ ಎರಡು ಗುಂಟೆಗಳನ್ನು ಪಕ್ಕಪಕ್ಕ ಇಟ್ಟು ನೋಡು. ಅದರ ಉದ್ದವೇ ಕ್ರಿಕೆಟ್ ಪಿಚ್!

ಒಂದು ಹಗ್ಗವನ್ನು ಟೇಪಿನಿಂದ ಅಳೆದು 66 ಅಡಿಗೆ ಗಂಟು ಹಾಕಿ ಇಟ್ಟುಕೊಳ್ಳಿ. ಅದರಲ್ಲೇ ಇನ್ನೊಂದು ಗಂಟು 52 ಅಡಿಗೋ 58 ಅಡಿಗೋ ಇರಲಿ. ಆಸ್ಟ್ರೇಲಿಯಾದಲ್ಲಿ ಚಿಕ್ಕ ಮಕ್ಕಳಿಗೆ ಬೇಕೆಂದೇ ಪಿಚ್ ಕಡಿಮೆ ಮಾಡಿ ಆಡಿಸುತ್ತಾರೆ, ಯಾಕೆಂದರೆ ಪೂರ್ತಿ ಉದ್ದಕ್ಕೆ ಚೆಂಡು ತಲುಪಿಸಲು ಹೋಗಿ ಮಕ್ಕಳು ಬೌಲಿಂಗ್ ಶೈಲಿಯನ್ನೇ ಕೆಡಿಸಿಕೊಳ್ಳುತ್ತಾರೆ. ನಿಮ್ಮ ತಂಡದ ಚಿಕ್ಕ ಹುಡುಗರು ಬೌಲ್ ಮಾಡುವ ದಿನ ಚಿಕ್ಕ ಗಂಟು ಹಿಡಿಯಿರಿ.

ಪ್ರಶ್ನೆ: ವರ್ಗಾವಣೆಯಾಗಿ ಕಲಬುರಗಿಯಿಂದ ಮಂಗಳೂರಿಗೆ ಬಂದಿದ್ದೇವೆ. ಊರಿಂದ ತಂದ ಗಡಿಗಿ ಅಲ್ಲಿ ಬೇಸಿಗೆಯಲ್ಲಿ ಎಷ್ಟು ತಂಪು ನೀರು ಕೊಡುತ್ತಿತ್ತು! ಇಲ್ಲಿ ನೀರು ಸುಮ್ನೆ ಹಾಗೇ ಇರುತ್ತದೆ. ಗಡಿಗಿ ಕೆಟ್ಟಿದೆಯೇ? ಹೊಸದು ತರಬೇಕೇ?
— ಗೃಹಿಣಿ, ಮಂಗಳೂರು

ಉತ್ತರ: ಗಡಿಗಿ ಕೆಟ್ಟಿಲ್ಲ ಅಕ್ಕಾ, ಗಾಳಿ ಬದಲಾಗಿದೆ. ಮಣ್ಣಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಅಲ್ಲಿಂದ ನೀರು ಜಿನುಗಿ ಹೊರಗೆ ಬಂದು ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು, ಅದನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಹೊರಗಿನ ಶಾಖ ಒಳಗೆ ಬರದಿದ್ದರೆ, 10 ಗ್ರಾಂ ನೀರು ಆವಿಯಾದರೆ ಸಾಕು, ಅರ್ಧ ಲೀಟರಿಗಿಂತ ಜಾಸ್ತಿ ನೀರಿನ ಬಿಸಿ 10 ಡಿಗ್ರಿ ಇಳಿಯುತ್ತದೆ.

ಆದರೆ ಆವಿಯಾಗಲು ಗಾಳಿಯಲ್ಲಿ ಜಾಗ ಬೇಕಲ್ಲ? ಕಲಬುರಗಿಯ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಇದ್ದು ತೇವಾಂಶ ನೂರಕ್ಕೆ 20 ಇದ್ದರೆ, ಗಡಿಗಿಯ ನೀರು ಹೆಚ್ಚೆಂದರೆ ಸುಮಾರು 22 ಡಿಗ್ರಿವರೆಗೆ ಇಳಿಯಬಹುದು. ಮಂಗಳೂರಿನಲ್ಲಿ 33 ಡಿಗ್ರಿ ಇದ್ದು ತೇವಾಂಶ 70 ಇದ್ದರೆ 28ರ ಹತ್ತಿರವೇ ನಿಂತುಬಿಡುತ್ತದೆ. ಎಂಥ ಒಳ್ಳೆಯ ಮಡಕೆ ತಂದರೂ ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಅಲ್ಲಿ ಬೆವರು ಬೇಗ ಒಣಗುತ್ತಿತ್ತು, ಇಲ್ಲಿ ಮೈಗೆ ಅಂಟಿಕೊಂಡೇ ಇರುತ್ತದೆ ಎಂದು ನಿಮಗೆ ಅನ್ನಿಸಿರಬೇಕು. ಕಾರಣ ಎರಡಕ್ಕೂ ಒಂದೇ.

ಆದರೂ ಇದ್ದುದರಲ್ಲಿ ತಂಪು ಮಾಡಿಕೊಳ್ಳಬಹುದು. ಅಡುಗೆಮನೆ ಮೂಲೆಯಿಂದ ತೆಗೆದು ಗಾಳಿ ಆಡುವ ಕಿಟಕಿ ಹತ್ತಿರ, ಬಿಸಿಲು ಬೀಳದ ಕಡೆ, ಕಂಬಿಯ ಸ್ಟ್ಯಾಂಡಿನ ಮೇಲೆ ಇಡಿ. ಅಡಿಭಾಗಕ್ಕೂ ಗಾಳಿ ತಾಗಬೇಕು. ಗಡಿಗಿ ಹಳೆಯದಾಗಿದ್ದರೆ ನೀರಿನ ಉಪ್ಪು ರಂಧ್ರದಲ್ಲಿ ಕಟ್ಟಿಕೊಂಡಿರುತ್ತದೆ. ಖಾಲಿ ಮಾಡಿ, ಸೋಪು ಹಾಕದೆ ಬರೀ ತೆಂಗಿನ ನಾರಿನಿಂದ ಒಳಗೂ ಹೊರಗೂ ಉಜ್ಜಿ. ಸೋಪು ಹಾಕಿದರೆ ಮಣ್ಣು ಅದನ್ನು ಹೀರಿಕೊಂಡು ನೀರಿಗೆ ವಾಸನೆ ಬರುತ್ತದೆ. ಹೊಸದು ತರುವುದೇ ಆದರೆ ಹೊರಗೆ ಬಣ್ಣ, ಪಾಲಿಶ್ ಹೊಡೆದ ಚಂದದ ಮಡಕೆ ಬೇಡ. ಬಣ್ಣ ರಂಧ್ರ ಮುಚ್ಚಿದ ಮೇಲೆ ಅದು ಬರೀ ಪಾತ್ರೆ.

ಪ್ರಶ್ನೆ: ಮಕ್ಕಳಿಗೆ ಚೌಕಾಬಾರ ಕಲಿಸಿದ್ದೇವೆ. ಇಲ್ಲಿ ಕವಡೆ ಸಿಗಲಿಲ್ಲ, ಪಿಸ್ತಾ ಸಿಪ್ಪೆ ನಾಲ್ಕು ಇಟ್ಟುಕೊಂಡು ಆಡುತ್ತೇವೆ. ತಮಾಷೆ ಏನೆಂದರೆ ಎಂಟು ಮೇಲಿಂದ ಮೇಲೆ ಬೀಳುತ್ತದೆ, ನಾಲ್ಕು ಬೀಳುವುದೇ ಅಪರೂಪ. ಮಗ ಇದು ಮೋಸದ ಆಟ ಅಂತಾನೆ. ಏನು ಹೇಳಲಿ?
— ಕನ್ನಡಿಗ ತಂದೆ, ಡಲ್ಲಾಸ್

ಉತ್ತರ: ಮಗನಿಗೆ ಹೇಳಿ, ಅವನ ಅನುಮಾನ ಸರಿಯಾಗಿದೆ, ಆದರೆ ಮೋಸ ಯಾರಿಗೂ ಆಗಿಲ್ಲ. ಎಲ್ಲರೂ ಅದೇ ನಾಲ್ಕು ಸಿಪ್ಪೆ ಎಸೆಯುತ್ತಿದ್ದೀರಿ ತಾನೇ?

ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಐದಕ್ಕೆ ಐದು ಮನೆಯ ಚೌಕ, ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಈ ಎರಡು ಬಿದ್ದರೆ ಇನ್ನೊಂದು ಸಲ ಎಸೆಯುವ ಅವಕಾಶ.

ಒಂದು ಸಿಪ್ಪೆ ಬಾಯಿ ಮೇಲಾಗಿ ಬೀಳುವುದೂ ಬೋರಲು ಬೀಳುವುದೂ ಸರಿಸಮ ಎಂದಿಟ್ಟುಕೊಳ್ಳಿ. ಆಗ ನಾಲ್ಕು ಸಿಪ್ಪೆ ಬೀಳಲು 16 ಬಗೆ ಇವೆ. ಅದರಲ್ಲಿ ಎರಡು ಬರುವುದು 6 ಬಗೆಯಲ್ಲಿ, ಒಂದು ಮತ್ತು ಮೂರು ತಲಾ 4 ಬಗೆಯಲ್ಲಿ. ಚೌಕಕ್ಕೆ ಒಂದೇ ಬಗೆ, ಬಾರಕ್ಕೂ ಒಂದೇ. ಅಂದರೆ ನೂರು ಸಲ ಎಸೆದರೆ ಚೌಕ ಸುಮಾರು 6, ಬಾರ ಸುಮಾರು 6.

ಆದರೆ ಕವಡೆಯಾಗಲಿ ಪಿಸ್ತಾ ಸಿಪ್ಪೆಯಾಗಲಿ ನಾಣ್ಯದ ಹಾಗೆ ಎರಡು ಬದಿಯೂ ಒಂದೇ ಆಕಾರ ಇರುವ ವಸ್ತು ಅಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ಬಾಯಿ. ನಿಮ್ಮ ಸಿಪ್ಪೆ ನೂರಕ್ಕೆ 50 ಸಲ ಬಾಯಿ ಮೇಲಾಗುವ ಬದಲು 40 ಸಲ ಆಗುತ್ತದೆ ಎನ್ನೋಣ. ಒಂದೊಂದು ಸಿಪ್ಪೆಯನ್ನು ನೋಡಿದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ನಾಲ್ಕು ಸೇರಿದಾಗ ಬಾರ ನೂರಕ್ಕೆ ಸುಮಾರು 13 ಸಲ ಬೀಳುತ್ತದೆ, ಚೌಕ ಬರೀ ಎರಡು ಮೂರು ಸಲ! ನೀವು ಬರೆದಿರುವುದು ಇದನ್ನೇ. ಸಣ್ಣ ವಾಲಿಕೆ ನಾಲ್ಕು ಸಲ ಗುಣಿಸಿಕೊಂಡು ಅಷ್ಟು ದೊಡ್ಡದಾಗುತ್ತದೆ.

ಮಗನ ಕೈಯಲ್ಲೇ ಪರೀಕ್ಷೆ ಮಾಡಿಸಿ. ಒಂದು ಸಿಪ್ಪೆಯನ್ನು ನೂರು ಸಲ ಎಸೆದು ಬಾಯಿ ಮೇಲಾದದ್ದನ್ನು ಗೀಟು ಹಾಕಿ ಎಣಿಸಲಿ. ಬಟ್ಟೆಯ ಮೇಲೆ ಬೇರೆ, ಮೇಜಿನ ಮೇಲೆ ಬೇರೆ ಬರಬಹುದು, ಅದನ್ನೂ ನೋಡಲಿ. ಆಮೇಲೆ ನಿಮ್ಮ ಊರಿನ ಭಾರತೀಯ ಅಂಗಡಿಯಲ್ಲಿ ಬೀಜ ಇರುವ ಹುಣಸೆಹಣ್ಣು ಸಿಕ್ಕರೆ ಬೀಜ ತೆಗೆದು ತೊಳೆದು, ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಬಿಳಿ ಬದಿ ಮೇಲೆ ಬಿದ್ದರೆ ಒಂದು. ನಮ್ಮ ಹಳ್ಳಿಗಳಲ್ಲಿ ಕವಡೆ ಇಲ್ಲದ ಮನೆಯವರು ಹೀಗೇ ಆಡಿದ್ದು. ಬೀಜಕ್ಕೂ ಅದರದೇ ವಾಲಿಕೆ ಇರುತ್ತದೆ, ಆದ್ದರಿಂದ ಅದನ್ನೂ ಎಣಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕೆನಿಸಿತು. ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಹುದೇ, ಕಾಯಿ ಹಣ್ಣಾದ ಮೇಲೆ ಇನ್ನೊಂದು ಆಟ ಸಿಗುತ್ತದೆಯೇ ಎಂಬುದೆಲ್ಲ ಮನೆಯಿಂದ ಮನೆಗೆ ಬೇರೆ. ನಿಮ್ಮ ಅಮ್ಮನಿಗೋ ಅಜ್ಜಿಗೋ ಫೋನ್ ಮಾಡಿ ನಿಮ್ಮ ಮನೆಯ ನಿಯಮ ಕೇಳಿ ಬರೆದಿಟ್ಟುಕೊಳ್ಳಿ. ಮಕ್ಕಳು ಮುಂದೆ ಆಡುವುದು ಅದೇ ನಿಯಮದಲ್ಲಿ.

ಪ್ರಶ್ನೆ: ಫ್ಯಾನ್ ತಿರುಗುವಾಗ ಅಷ್ಟೊಂದು ಗಾಳಿ ಬೀಸುತ್ತದೆ. ಆದರೂ ರೆಕ್ಕೆ ಮೇಲೆ ಧೂಳು ಹೇಗೆ ಕೂರುತ್ತದೆ? ಹಾರಿ ಹೋಗಬೇಕಲ್ಲವೇ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ರೆಕ್ಕೆಗೆ ತೀರಾ ಅಂಟಿಕೊಂಡಿರುವ ಗಾಳಿಯ ತೆಳು ಪದರ ರೆಕ್ಕೆಯ ಜೊತೆಗೇ ತಿರುಗುತ್ತದೆ. ಅಂದರೆ ರೆಕ್ಕೆಯ ಮೇಲೆ ಕೂತ ಧೂಳಿನ ಕಣಕ್ಕೆ ಗಾಳಿ ಬೀಸುತ್ತಲೇ ಇಲ್ಲ. ಕಣ ಆ ಪದರಕ್ಕಿಂತ ಚಿಕ್ಕದಾಗಿದ್ದರೆ ಒಮ್ಮೆ ಕೂತದ್ದು ಏಳುವುದಿಲ್ಲ. ಅಡುಗೆಯ ಎಣ್ಣೆ ಹೊಗೆ, ತೇವ ಸೇರಿದರೆ ಇನ್ನೂ ಗಟ್ಟಿ. ಗಾಳಿಯನ್ನು ಸೀಳಿಕೊಂಡು ಮುಂದೆ ಹೋಗುವ ಅಂಚಿಗೆ ಧೂಳು ಜಾಸ್ತಿ ಬಡಿಯುತ್ತದೆ, ಅಲ್ಲೇ ಕಪ್ಪು ಗೆರೆ ಇರುತ್ತದೆ. ಒರೆಸುವಾಗ ಹಳೆಯ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ ಒತ್ತಿ ಎಳೆಯಿರಿ, ಧೂಳು ಹಾಸಿಗೆ ಮೇಲೆ ಬೀಳುವುದಿಲ್ಲ.

ಪ್ರಶ್ನೆ: ನಿವೃತ್ತಿಯ ನಂತರ ಹಕ್ಕಿ ನೋಡುವ ಆಸೆ. ಬೈನಾಕ್ಯುಲರ್ ಕೊಳ್ಳಬೇಕು. ಅಂಗಡಿಯವರು ನಂಬರ್ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು 20×50 ತೋರಿಸಿದರು. ಕನ್ನಡಕ ಹಾಕುತ್ತೇನೆ, ಕೈ ಸ್ವಲ್ಪ ನಡುಗುತ್ತದೆ.
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, 20×50 ದಯವಿಟ್ಟು ಬೇಡ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಹಕ್ಕಿ 20 ಪಟ್ಟು ಹತ್ತಿರವಾದರೆ ಕೈಯ ನಡುಕವೂ 20 ಪಟ್ಟು ದೊಡ್ಡದಾಗುತ್ತದೆ. ನೋಟದ ಅಗಲವೂ ಕಡಿಮೆ. ಮರದಲ್ಲಿ ಹಕ್ಕಿ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅದು ಹಾರಿರುತ್ತದೆ.

ಹಕ್ಕಿ ನೋಡುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು 8×42. 42ನ್ನು 8ರಿಂದ ಭಾಗಿಸಿದರೆ 5 ಚಿಲ್ಲರೆ ಬರುತ್ತದೆ. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಅಷ್ಟು ಮಿಲಿಮೀಟರ್. 20×50ರಲ್ಲಿ ಅದು ಎರಡೂವರೆ ಮಾತ್ರ, ಬೆಳಗಿನ ಮಬ್ಬಿನಲ್ಲಿ ಮಂಕಾಗಿ ಕಾಣುತ್ತದೆ. ಕೊರಳಿಗೆ ಭಾರ ಅನ್ನಿಸಿದರೆ 8×32 ನೋಡಿ, ಇನ್ನೂ ಹಗುರ. ಕನ್ನಡಕ ತೆಗೆಯಬೇಡಿ. ಕಣ್ಣಿಡುವ ಕಡೆ ಇರುವ ರಬ್ಬರ್ ಬಳೆಯನ್ನು ಒಳಕ್ಕೆ ಮಡಚಿ ಅಥವಾ ತಿರುಗಿಸಿ ಇಳಿಸಿ, ಕನ್ನಡಕ ಹಾಕಿಕೊಂಡೇ ಪೂರ್ತಿ ವೃತ್ತ ಕಾಣುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಆಮೇಲೆ ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸರಿ ಮಾಡಿ, ಎಡಗಣ್ಣು ಮುಚ್ಚಿ ಬಲಗಡೆಯ ಚಿಕ್ಕ ಬಳೆಯಿಂದ ಬಲಗಣ್ಣಿಗೆ ಸರಿ ಮಾಡಿ. ಇದನ್ನು ಮಾಡದೆ ತಲೆನೋವು ಬರಿಸಿಕೊಂಡು ಬೈನಾಕ್ಯುಲರನ್ನು ಕಪಾಟಿಗೆ ಸೇರಿಸಿದವರು ಬಹಳ.

ನೀವಿರುವ ಊರು ಇದಕ್ಕೆ ಹೇಳಿ ಮಾಡಿಸಿದ್ದು. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಮಂಡಗದ್ದೆ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಆದರೆ ಮೊದಲು ನಿಮ್ಮ ಹಿತ್ತಲಿನ ಹಕ್ಕಿಗಳನ್ನು ಚೆನ್ನಾಗಿ ಕಲಿಯಿರಿ ಎನ್ನುವುದು ನನ್ನ ಆಸೆ. ಪಿಕಳಾರ, ಮಡಿವಾಳ, ಕಾಜಾಣ, ಸೂರಕ್ಕಿ ಇವು ನಾಲ್ಕು ಕೂತ ಭಂಗಿಯಲ್ಲೇ ಗುರುತು ಸಿಕ್ಕಿದ ಮೇಲೆ ಐದನೆಯ ಹಕ್ಕಿ ಹೊಸದು ಎಂದು ತಾನಾಗಿಯೇ ಗೊತ್ತಾಗುತ್ತದೆ. ದನಿ ಕೇಳಿ ಹಕ್ಕಿ ಹೇಳುವ ಮರ್ಲಿನ್ ಎಂಬ ಉಚಿತ ಆ್ಯಪ್ ಇದೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ್ದು. ಅದು ಹೆಸರು ಹೇಳಿದ ಮೇಲೆ ಹಕ್ಕಿಯನ್ನು ಕಣ್ಣಾರೆ ನೋಡಿಯೇ ಬರೆದುಕೊಳ್ಳಿ, ಅದಕ್ಕೂ ತಪ್ಪುತ್ತದೆ.

ಕೈ ನಡುಕಕ್ಕೆ ಗೋಡೆಗೋ ಕಂಬಕ್ಕೋ ಒರಗಿ, ಮೊಣಕೈ ಎದೆಗೆ ಒತ್ತಿ ಹಿಡಿಯಿರಿ. ಹಾಗೇ ತಾರಸಿಯ ಗೋಡೆಗೆ ಊರಿ ರಾತ್ರಿ ಗುರುಗ್ರಹವನ್ನು ನೋಡಿದರೆ ಅದರ ಅಕ್ಕಪಕ್ಕ ಒಂದೇ ಗೆರೆಯಲ್ಲಿ ಸಣ್ಣ ಚುಕ್ಕಿಗಳು ಕಾಣುತ್ತವೆ. 1610ರಲ್ಲಿ ಗೆಲಿಲಿಯೋ ನೋಡಿದ ನಾಲ್ಕು ಚಂದ್ರರು ಅವೇ. ಮರುದಿನ ಜಾಗ ಬದಲಿಸಿರುತ್ತವೆ. ಸೂರ್ಯನ ಕಡೆ ಮಾತ್ರ ಅಪ್ಪಿತಪ್ಪಿಯೂ ತಿರುಗಿಸಬೇಡಿ.

ಪ್ರಶ್ನೆ: ನನ್ನ ಮಲ್ಲಿಗೆ ಗಿಡದ ಎಲೆ ಹಳದಿ ಆಗುತ್ತಿದೆ ಎಂದು ಫೋಟೋ ಹಾಕಿ ಆನ್‌ಲೈನ್‌ನಲ್ಲಿ ಕೇಳಿದೆ. ಒಬ್ಬರು ನೀರು ಜಾಸ್ತಿ ಹಾಕಿ ಅಂದರು, ಒಬ್ಬರು ಕಡಿಮೆ ಮಾಡಿ ಅಂದರು, ಇನ್ನೊಬ್ಬರು ಕಬ್ಬಿಣದ ಅಂಶ ಕೊಡಿ ಅಂದರು. ಗುರುತು ಪರಿಚಯ ಇಲ್ಲದವರು, ಯಾರನ್ನು ನಂಬಲಿ?
— ಓದುಗರು, ಬೆಂಗಳೂರು

ಉತ್ತರ: ಮೂವರೂ ಸರಿ ಇರಬಹುದು. ಅವರವರ ಮನೆಯಲ್ಲಿ ಆದದ್ದನ್ನು ಅವರು ಹೇಳಿದ್ದಾರೆ. ಮಣ್ಣು ಸದಾ ಒದ್ದೆ ಇದ್ದು ಗಿಡ ಬಾಡಿದ ಹಾಗಿದ್ದರೆ ಬೇರಿಗೆ ಉಸಿರು ಕಟ್ಟಿದೆ, ನೀರು ಕಡಿಮೆ ಮಾಡಬೇಕು. ಕೆಳಗಿನ ಹಳೆಯ ಎಲೆಗಳು ಮೊದಲು ಪೂರ್ತಿ ಹಳದಿಯಾದರೆ ಸಾರಜನಕ ಸಾಲದು, ಗೊಬ್ಬರ ಕೊಡಬೇಕು. ತುದಿಯ ಎಳೆ ಎಲೆಗಳಲ್ಲಿ ನರ ಮಾತ್ರ ಹಸಿರು ಉಳಿದು ನಡುವೆ ಹಳದಿ ಬಂದರೆ ಕಬ್ಬಿಣದ ಕೊರತೆ. ನಿಮ್ಮ ಫೋಟೋದಲ್ಲಿ ಒಂದೇ ಎಲೆ ಇದೆ. ಅದು ಮೇಲಿನದೋ ಕೆಳಗಿನದೋ, ಕುಂಡವೋ ನೆಲವೋ, ಬೋರ್‌ವೆಲ್ ನೀರೋ ನಲ್ಲಿ ನೀರೋ, ಕುಂಡದ ತಳದಲ್ಲಿ ತೂತು ಇದೆಯೋ, ಒಂದೂ ಅವರಿಗೆ ಗೊತ್ತಿಲ್ಲ.

ಮುಂದಿನ ಸಲ ಇಷ್ಟನ್ನೂ ಬರೆದು ಕೇಳಿ. ಉತ್ತರ ಕೊಡುವವರಲ್ಲಿ ನಿಮಗೆ ತಿರುಗಿ ಪ್ರಶ್ನೆ ಹಾಕಿದವರ ಮಾತಿಗೆ ಜಾಸ್ತಿ ಬೆಲೆ ಕೊಡಿ. ಕಾರಣ ಹೇಳಿದವರನ್ನು ನಂಬುವುದು ಸುಲಭ, ಯಾಕೆಂದರೆ ಕಾರಣವನ್ನು ನೀವೇ ಪರೀಕ್ಷೆ ಮಾಡಬಹುದು. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿದರೆ ನೀರಿನ ಪ್ರಶ್ನೆ ಅಲ್ಲೇ ತೀರುತ್ತದೆ. ಗಿಡ, ಆಟ, ಹೊಲಿಗೆ, ಅಡುಗೆ ಇಂಥದ್ದನ್ನು ಧಾರಾಳವಾಗಿ ಅಪರಿಚಿತರನ್ನು ಕೇಳಿ. ಹಾವು ಕಚ್ಚಿದಾಗ, ಎದೆ ನೋವು ಬಂದಾಗ ಯಾರನ್ನೂ ಕೇಳುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮಳೆಗಾಲದಲ್ಲಿ ಎದ್ದ ಅಣಬೆಯ ಫೋಟೋ ಹಾಕಿ "ಇದು ತಿನ್ನಬಹುದಾ" ಎಂದು ಕೇಳುವುದೂ ಬೇಡವೇ ಬೇಡ. ವಿಷದ ಅಣಬೆಯೂ ಒಳ್ಳೆಯ ಅಣಬೆಯೂ ಫೋಟೋದಲ್ಲಿ ಒಂದೇ ಥರ ಕಾಣುತ್ತವೆ.

ಪ್ರಶ್ನೆ: ಬೇಳೆ ಎಷ್ಟು ಸೀಟಿ ಹಾಕಿಸಿದರೂ ಬೇಯುವುದಿಲ್ಲ. ತವರಿನಲ್ಲಿ ಇದೇ ಅಂಗಡಿ ಬೇಳೆ, ಇದೇ ಕುಕ್ಕರ್, ಮೂರು ಸೀಟಿಗೆ ಬೆಣ್ಣೆಯ ಹಾಗೆ ಆಗುತ್ತಿತ್ತು. ಇಲ್ಲಿ ಬೋರ್‌ವೆಲ್ ನೀರು.
— ಗೃಹಿಣಿ, ಚಿಕ್ಕಬಳ್ಳಾಪುರ

ಉತ್ತರ: ಕೊನೆಯ ಮೂರು ಪದದಲ್ಲಿ ಉತ್ತರ ನೀವೇ ಕೊಟ್ಟಿದ್ದೀರಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಕಣಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಎಷ್ಟು ಬೇಯಿಸಿದರೂ ಕರಗುವುದಿಲ್ಲ. ಬೇಳೆಗೆ ಮಾತ್ರ ಫಿಲ್ಟರ್ ನೀರೋ ಹಿಡಿದಿಟ್ಟ ಶುದ್ಧ ಮಳೆ ನೀರೋ ಹಾಕಿ ನೋಡಿ. ಅದು ಇಲ್ಲದಿದ್ದರೆ ಬೋರ್‌ವೆಲ್ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಗಸಿ ಬಿಟ್ಟು ಮೇಲಿನ ನೀರು ಬಳಸಿ. ಅರ್ಧ ಗಂಟೆ ನೆನೆಸಿ. ಹುಣಸೆ, ಟೊಮೆಟೊ ಬೇಳೆ ಬೆಂದ ಮೇಲೆಯೇ ಹಾಕಿ, ಹುಳಿಯೂ ಅದೇ ಥರ ಗಟ್ಟಿ ಮಾಡುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ರುಚಿಯೂ ಕೆಡುತ್ತದೆ. ನಾನಂತೂ ಬೇಡ ಎನ್ನುತ್ತೇನೆ. ಇನ್ನು ಸೀಟಿಯ ಲೆಕ್ಕ ಬಿಟ್ಟುಬಿಡಿ. ಉರಿ ಜೋರಿದ್ದರೆ ಸೀಟಿ ಬೇಗ ಬೇಗ ಬರುತ್ತದೆ, ಒಳಗಿನ ಬಿಸಿ ಅದೇ 120 ಡಿಗ್ರಿ ಆಸುಪಾಸು. ಮೊದಲ ಸೀಟಿ ಆದ ಮೇಲೆ ಉರಿ ಸಣ್ಣ ಮಾಡಿ ನಿಮಿಷ ಎಣಿಸಿ.

ಪ್ರಶ್ನೆ: ಟಿವಿಯಲ್ಲಿ ಕಬಡ್ಡಿ ನೋಡುವಾಗ ರೈಡರ್ "ಕಬಡ್ಡಿ ಕಬಡ್ಡಿ" ಅನ್ನುವುದು ಕೇಳಿಸುವುದೇ ಇಲ್ಲ. ಆ ನಿಯಮ ತೆಗೆದುಹಾಕಿದ್ದಾರೆಯೇ?
— ಕಾಲೇಜು ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಇಲ್ಲ, ಇದೆ. ನಡುಗೆರೆ ದಾಟುವ ಮೊದಲೇ ಶುರು ಮಾಡಿ, ಒಂದೇ ಉಸಿರಿನಲ್ಲಿ ಹೇಳುತ್ತಲೇ ಇರಬೇಕು. ಪ್ರೇಕ್ಷಕರ ಗದ್ದಲದಲ್ಲಿ, ವೀಕ್ಷಕ ವಿವರಣೆಯಲ್ಲಿ ಮುಳುಗಿಹೋಗುತ್ತದೆ ಅಷ್ಟೆ. ಜೊತೆಗೆ ಈಗ 30 ಸೆಕೆಂಡಿನ ಗಡುವೂ ಇದೆ. ಗಡಿಯಾರ ಇಲ್ಲದ ಹಳ್ಳಿಯ ಅಂಗಳದಲ್ಲಿ ಆಟಗಾರನ ಉಸಿರೇ ಗಡಿಯಾರವಾಗಿತ್ತು. ನಿಮ್ಮ ಊರಿನ ಪಂದ್ಯ ಹತ್ತಿರ ನಿಂತು ನೋಡಿ, ಸ್ಪಷ್ಟವಾಗಿ ಕೇಳಿಸುತ್ತದೆ.

ಪ್ರಶ್ನೆ: ನನಗೆ 52 ವರ್ಷ. ಚಿಕ್ಕವಳಿದ್ದಾಗ ಅಣ್ಣಂದಿರೆಲ್ಲ ಬಾವಿಯಲ್ಲಿ ಈಜು ಕಲಿತರು, ನನ್ನನ್ನು ಇಳಿಸಲಿಲ್ಲ. ಈಗ ಕಲಿಯಬಹುದೇ? ನೀರು ಕಂಡರೆ ಭಯ, ಆಸೆಯೂ ಅಷ್ಟೇ ಇದೆ.
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಖಂಡಿತ ಕಲಿಯಬಹುದು ಅಮ್ಮಾ. ನಿಮ್ಮ ಅಣ್ಣಂದಿರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಹಾರಿರಬೇಕು. ಆ ಕಾಲದ ಎಷ್ಟೋ ಹೆಣ್ಣುಮಕ್ಕಳು ನಿಮ್ಮ ಹಾಗೆ ದಂಡೆಯಲ್ಲಿ ನಿಂತು ಬಟ್ಟೆ ಕಾಯ್ದವರೇ. ಆ ಪಾಲು ಈಗ ಪಡೆದುಕೊಳ್ಳಿ.

ಭಯದ ಮೂಲ ಒಂದು ತಪ್ಪು ತಿಳಿವಳಿಕೆ. ಕೈಕಾಲು ಬಡಿದರೆ ಮಾತ್ರ ತೇಲುತ್ತೇವೆ ಎಂದುಕೊಂಡಿರುತ್ತೇವೆ. ನಿಜ ಏನೆಂದರೆ, ನಮ್ಮ ಮೈ ಹೆಚ್ಚೂಕಡಿಮೆ ನೀರಿನಷ್ಟೇ ಸಾಂದ್ರ. ಶ್ವಾಸ ತುಂಬಿಕೊಂಡರೆ ಬಹಳಷ್ಟು ಜನ ಸುಮ್ಮನೆ ತೇಲುತ್ತಾರೆ. ಮುಳುಗಿಸುವುದು ತಲೆ. ಭಯದಿಂದ ತಲೆ ಎತ್ತಿದ ಕೂಡಲೇ ಸೊಂಟ, ಕಾಲು ಕೆಳಗೆ ಹೋಗುತ್ತವೆ. ಹಾಗಾಗಿ ಮೊದಲು ಕಲಿಯಬೇಕಾದ್ದು ಕೈ ಬೀಸುವುದಲ್ಲ, ಉಸಿರು. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತು, ಮುಖ ಮುಳುಗಿಸಿ, ಮೂಗು ಬಾಯಿಂದ ಗುಳ್ಳೆ ಬಿಡಿ, ಮೇಲೆ ಬಂದು ಬಾಯಲ್ಲಿ ಉಸಿರು ಎಳೆಯಿರಿ. ಇದೊಂದನ್ನೇ ಬೇಸರ ಮಾಡಿಕೊಳ್ಳದೆ ದಿನಾ ಮಾಡಿ. ಮುಖ ಮುಳುಗಿದಾಗ ಗಾಬರಿ ನಿಂತುಹೋದ ದಿನ ಅರ್ಧ ಈಜು ಬಂದ ಹಾಗೆ. ಆಮೇಲೆ ಕಂಬಿ ಹಿಡಿದು ತೇಲುವುದು, ಆಮೇಲೆ ಕಾಲು ಬಡಿತ.

ಈಜುಕೊಳಕ್ಕೆ ಹೋಗಿ ಮಹಿಳೆಯರ ಬ್ಯಾಚ್ ಇದೆಯೇ, ಕಲಿಸುವವರು ಮಹಿಳೆಯೇ ಎಂದು ಮೊದಲೇ ವಿಚಾರಿಸಿ. ಮೈತುಂಬ ಮುಚ್ಚುವ ಈಜು ಉಡುಪು ಸಿಗುತ್ತದೆ. ಹತ್ತಿ ಬಟ್ಟೆ ಬೇಡ, ನೀರು ಕುಡಿದು ಭಾರವಾಗಿ ಎಳೆಯುತ್ತದೆ. ಬಿಪಿ, ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಕೊಂಡೇ ಇಳಿಯಿರಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸ್ವಲ್ಪ ಬಂತು ಎಂದು ಕೆರೆಗೆ, ಕಾಲುವೆಗೆ, ಕೃಷಿ ಹೊಂಡಕ್ಕೆ ಇಳಿಯಬೇಡಿ. ಕಾಲುವೆಯಲ್ಲಿ ಸೆಳೆತ ಕಣ್ಣಿಗೆ ಕಾಣುವುದಿಲ್ಲ. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಹಿಡಿದು ಜಾರುತ್ತದೆ, ಚೆನ್ನಾಗಿ ಈಜು ಬಲ್ಲವರಿಗೂ ಹತ್ತಿ ಬರಲು ಆಗುವುದಿಲ್ಲ. ಹೊಂಡ ತೋಡಿಸಿದವರು ಈ ಪತ್ರಿಕೆ ಓದುತ್ತಿದ್ದರೆ, ಅದರ ಸುತ್ತ ಬೇಲಿ ಹಾಕಿ, ಒಂದು ದಪ್ಪ ಹಗ್ಗಕ್ಕೆ ಗಂಟುಗಳನ್ನು ಹಾಕಿ ದಂಡೆಯ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ಇವತ್ತೇ ಮಾಡಿ.

ಪ್ರಶ್ನೆ: ಆಷಾಢದ ಗಾಳಿಗೆ ಮಗಳಿಗೆ ಗಾಳಿಪಟ ಮಾಡಿಕೊಟ್ಟೆ. ಮೇಲೆ ಏಳುತ್ತದೆ, ಆಮೇಲೆ ಗಿರಗಿರ ಸುತ್ತಿ ನೆಲಕ್ಕೆ ಬಡಿಯುತ್ತದೆ.
— ಆಟೋ ಚಾಲಕರು, ತುಮಕೂರು

ಉತ್ತರ: ಯಾವ ಕಡೆಗೆ ಸುತ್ತುತ್ತದೆ ನೋಡಿ. ಯಾವಾಗಲೂ ಒಂದೇ ಕಡೆಗೆ ಸುತ್ತಿದರೆ ಪಟದ ಎರಡು ಬದಿ ಸಮ ಇಲ್ಲ. ಸೂತ್ರದ ಗಂಟಿನಲ್ಲಿ ಹಿಡಿದು ತೂಗು ಹಾಕಿ, ಯಾವ ಕಡೆ ವಾಲುತ್ತದೋ ಅದರ ಎದುರು ತುದಿಗೆ ಒಂದು ಚೂರು ಕಾಗದ ಅಂಟಿಸಿ. ಬಿಲ್ಲಿನ ಹಾಗೆ ಬಗ್ಗಿಸಿದ ಬಿದಿರು ಕಡ್ಡಿ ಒಂದು ಕಡೆ ದಪ್ಪ ಇದ್ದರೆ ಬ್ಲೇಡಿನಿಂದ ಹೆರೆಯಿರಿ. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸುತ್ತಿದರೆ ಬಾಲಂಗೋಚಿ ಸಾಲದು. ಹಳೆ ಸೀರೆಯ ತೆಳು ಪಟ್ಟಿ ಸೇರಿಸಿ ಉದ್ದ ಮಾಡಿ. ಬಾಲ ಭಾರ ಇರುವುದಕ್ಕಿಂತ ಉದ್ದ ಇರುವುದು ಮುಖ್ಯ, ಅದು ಗಾಳಿಯಲ್ಲಿ ಎಳೆದು ಪಟದ ಮೂಗನ್ನು ಮೇಲಕ್ಕೇ ಇಡುತ್ತದೆ. ಪಟ ಜೋರಾಗಿ ಎಳೆಯುತ್ತದೆ ಆದರೆ ಏರುವುದಿಲ್ಲ ಎಂದಾದರೆ ಸೂತ್ರದ ಗಂಟನ್ನು ಒಂದು ಬೆರಳಿನಷ್ಟು ಮೂಗಿನ ಕಡೆಗೆ ಸರಿಸಿ.

ದಾರ ಮಾತ್ರ ಹತ್ತಿಯದೇ ಇರಲಿ. ಚೀನಾ ಮಾಂಜಾ ಎಂದು ಮಾರುವ ನೈಲಾನ್ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಅದು ಬೈಕಿನಲ್ಲಿ ಹೋಗುವವರ ಕೊರಳು ಕುಯ್ಯುತ್ತದೆ, ಹಕ್ಕಿಗಳ ರೆಕ್ಕೆ ಕತ್ತರಿಸುತ್ತದೆ. ವಿದ್ಯುತ್ ತಂತಿ ಇಲ್ಲದ ಬಯಲಿಗೆ ಹೋಗಿ. ಒಂದು ದಿನ ಬಿಡುವು ಸಿಕ್ಕರೆ ಆಷಾಢದಲ್ಲಿ ಮಗಳನ್ನು ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಹಳೆಯ ಕೈಗಳು ಇನ್ನೂ ಪಟ ಕಟ್ಟುತ್ತವೆ, ಸೂತ್ರ ಹಾಕುವ ಅಳತೆ ಕೇಳಿದರೆ ತೋರಿಸಿಕೊಡುತ್ತಾರೆ.